ಹೆಜ್ಜೆ ಮೇಷ್ಟ್ರ ನಾನೂರು ಉಲ್ಲೇಖಗಳು

ಆವತ್ತು ಬೆಳಗಿನಿಂದ ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದಕ್ಕಿಂತ ಎದ್ದು ಓಡಾಡಿದ್ದೇ ಹೆಚ್ಚು. ಕೂತರೆ ಪರದೆಯ ಮೇಲಿನ ಎರಡು ಅಂಕಿಗಳು ಕಣ್ಣಿಗೆ ಚುಚ್ಚುತ್ತಿದ್ದವು. ಎದ್ದು ಕಿಟಕಿಗೆ ಹೋದರೆ ಕೆಳಗೆ ಸೈಕಲ್ ನಿಲ್ಲಿಸುವ ಜಾಗ, ಅಲ್ಲಿ ನೋಡುವಂಥದ್ದು ಏನೂ ಇಲ್ಲ. ಮತ್ತೆ ಬಂದು ಕೂತು ಪುಟವನ್ನು ಹೊಸದಾಗಿ ತೆರೆಯುವುದು, ಅವೇ ಅಂಕಿಗಳನ್ನು ನೋಡುವುದು, ಮತ್ತೆ ಏಳುವುದು.

ಒಂದು ಅಂಕಿ ಹನ್ನೊಂದು. ಇನ್ನೊಂದು ನಾನೂರ ಚಿಲ್ಲರೆ.

ಹನ್ನೊಂದು ಅವರು ಜೀವ ತೇಯ್ದು ಬರೆದ ಪ್ರಬಂಧಕ್ಕೆ ಆಮೇಲಿನ ಸಂಶೋಧನೆಗಳಲ್ಲಿ ಸಿಕ್ಕ ಉಲ್ಲೇಖಗಳು. ನಮ್ಮ ಕಾಲಡಿಯಲ್ಲಿ, ನೂರಾರು ಮೈಲಿ ಆಳದಲ್ಲಿ, ಭೂಪದರದ ಮುರಿದ ಚಪ್ಪಡಿಯೊಂದು ನೇತಾಡುತ್ತಾ ನಿಧಾನವಾಗಿ ಮುಳುಗುತ್ತಿದೆ ಎಂದು ಅವರು ಭೂಕಂಪದ ಅಲೆಗಳನ್ನು ಜಾಲಾಡಿ ಕಂಡುಹಿಡಿದಿದ್ದರು. ಯೌವನವೆಲ್ಲ ಅದಕ್ಕೇ ಹೋಗಿತ್ತು. ಆ ಹನ್ನೊಂದರಲ್ಲೂ ನಾಲ್ಕು ಅವರೇ ತಮ್ಮನ್ನು ಉಲ್ಲೇಖಿಸಿಕೊಂಡದ್ದು, ಎರಡು ಅವರ ಶಿಷ್ಯರದ್ದು, ಒಂದು ಅವರು ಹೇಳಿದ್ದು ತಪ್ಪು ಎಂದು ಬರೆದವರದ್ದು.

ನಾನೂರ ಚಿಲ್ಲರೆ ಬೇರೆಯದೇ ಕತೆ. ಮೇಷ್ಟ್ರ ಮನೆ ಊರ ಅಂಚಿನ ಬಂಡೆಯ ಮೇಲೆ ನಿಂತಿದೆ. ನೆಲಮಾಳಿಗೆಗೆ ಇಳಿದರೆ ಬಂಡೆಯ ಬರಿಮೈ ಕೈಗೆ ಸಿಗುತ್ತದೆ. ಭೂಕಂಪ ಅಳೆಯುವ ಇನ್ನೊಂದು ಕೇಂದ್ರ ಕಟ್ಟುವುದಕ್ಕೆ ಅವರ ಸಂಶೋಧನಾ ಸಂಸ್ಥೆ ಒಪ್ಪದಿದ್ದಾಗ ಅವರು ಕಂಪನಮಾಪಕವನ್ನು ಅಲ್ಲೇ ಕೂರಿಸಿದರು. ಬಂಡೆ ಒಳ್ಳೆಯದೇ, ತೊಂದರೆ ಇದ್ದದ್ದು ಮೇಲೆ. ಅದರ ನೆತ್ತಿಯ ಮೇಲೇ ಮರದ ಹಲಗೆ ಹಾಸಿದ ಉದ್ದನೆ ಹಜಾರ, ಆ ಹಜಾರದಲ್ಲಿ ಮಾವನವರ ನಡಿಗೆ. ಮಾವ ಟಪಾಲು ಹಂಚಿ ನಿವೃತ್ತರಾದವರು, ಒಂದು ಕಡೆ ಕೂತರೆ ಮೈ ಕಡಿಯುತ್ತದೆ ಅವರಿಗೆ. ಅವರ ಹೆಜ್ಜೆ ದೂರದ ಭೂಕಂಪಗಳನ್ನೆಲ್ಲ ತುಳಿದು ಹಾಕುತ್ತಿತ್ತು. ಆಗ ಮೇಷ್ಟ್ರು ಒಂದು ಉಪಾಯ ಮಾಡಿದರು. ಸಾವಿರಾರು ಹೆಜ್ಜೆಗಳನ್ನು ಒಟ್ಟುಗೂಡಿಸಿ ಮಾವನ ಹೆಜ್ಜೆಗೊಂದು ಅಚ್ಚು ತೆಗೆದರು. ಅದನ್ನು ದಾಖಲೆಯಿಂದ ಕಳೆದರೆ ಉಳಿಯುವುದು ಭೂಮಿಯ ಸದ್ದು ಮಾತ್ರ. ಆಗಾಗ ಕಳೆದ ಮೇಲೂ ಒಂದಿಷ್ಟು ಗಲೀಜು ಉಳಿಯುತ್ತಿತ್ತು. ಆಗ ಹೊಸ ಹೆಜ್ಜೆಗಳನ್ನು ಆರಿಸಿ ಅಚ್ಚನ್ನು ಹೊಸದು ಮಾಡಿದರಾಯಿತು. ಇದನ್ನೇ ನಾಲ್ಕು ಪುಟದಲ್ಲಿ ಬರೆದು, ಪತ್ರಿಕೆಯವರ ನಿಯಮದಂತೆ ದಾಖಲೆಯನ್ನೆಲ್ಲ ಯಾರು ಬೇಕಾದರೂ ಎತ್ತಿಕೊಳ್ಳಲಿ ಎಂದು ಅಂತರ್ಜಾಲದಲ್ಲಿ ಬಿಟ್ಟು, ಮರೆತಿದ್ದರು. ಹೊಸ ದಾಖಲೆ ವಾರಕ್ಕೊಮ್ಮೆ ತಾನೇ ಹೋಗಿ ಅಲ್ಲಿ ಸೇರಿಕೊಳ್ಳುತ್ತಿತ್ತು. ಪ್ರಪಂಚ ಮಾತ್ರ ಆ ನಾಲ್ಕು ಪುಟವನ್ನು ಮರೆಯಲಿಲ್ಲ, ನಾನೂರು ಸಲ ಉಲ್ಲೇಖಿಸಿತು. ಸಂಸ್ಥೆಯಲ್ಲಿ ಅವರಿಗೆ ‘ಹೆಜ್ಜೆ ಮೇಷ್ಟ್ರು’ ಎಂಬ ಹೆಸರು ಅಂಟಿಕೊಂಡಿತು. ಆ ಹೆಸರು ಕೇಳಿದಾಗಲೆಲ್ಲ ಅವರಿಗೆ ಶರಟಿನೊಳಗೆ ಇರುವೆ ಬಿಟ್ಟ ಹಾಗಾಗುತ್ತಿತ್ತು.

ವಿಭಾಗದ ಮುಖ್ಯಸ್ಥೆ ಬಾಗಿಲು ತಟ್ಟದೆಯೇ ತಲೆ ಒಳಗೆ ಹಾಕಿದರು.

“ಮೇಷ್ಟ್ರೇ, ಬರೆದ್ರಾ?”

“ಬರೀತಾ ಇದೀನಿ ಮೇಡಂ. ಆಳದ ಚಪ್ಪಡಿ ಬಗ್ಗೆ ಒಂದು ಪ್ಯಾರಾ ಆಗಿದೆ.”

“ಅಯ್ಯೋ, ಆ ಚಪ್ಪಡಿ ಬಿಡಿ ಮಾರಾಯ್ರೇ! ಆ ಹನ್ನೊಂದು ಇಟ್ಕೊಂಡು ಪ್ರೊಫೆಸರ್ ಮಾಡಿ ಅಂತ ಹೋದ್ರೆ ಕಮಿಟಿಯವರು ಟೀ ಕುಡಿಸಿ ಕಳಿಸ್ತಾರೆ. ಎರಡು ಸಲ ಕುಡಿದು ಬಂದಿದೀರಲ್ಲ, ಸಾಕಾಗ್ಲಿಲ್ವಾ? ಹೆಜ್ಜೆ ಪೇಪರ್ ಹಾಕಿ.”

“ಅದು ಕಸ ಗುಡಿಸೋ ಪೇಪರು ಮೇಡಂ.”

“ಕಸ ಗುಡಿಸಿದವರಿಗೂ ಬಡ್ತಿ ಸಿಗುತ್ತೆ. ಆದ್ರೆ ಈ ಸಲ ಬರೀ ನಂಬರ್ ಸಾಲದು. ಉಲ್ಲೇಖ ಮಾಡಿದವರು ಯಾರು, ನಿಮ್ಮ ಕೆಲಸ ಇಟ್ಕೊಂಡು ಏನು ಮಾಡಿದ್ರು, ಅದರಿಂದ ಯಾರಿಗೆ ಒಳ್ಳೇದಾಯ್ತು, ಒಂದು ಪುಟ. ಸಂಜೆ ಐದಕ್ಕೆ ನನ್ನ ಮೇಜಿನ ಮೇಲಿರ್ಬೇಕು. ಇದು ತಪ್ಪಿದ್ರೆ ನಿಮ್ಮ ನಿವೃತ್ತಿಗೆ ಮೊದಲು ಇನ್ನೊಂದು ಸುತ್ತು ಬರಲ್ಲ, ನೆನಪಿರಲಿ.”

ತಲೆ ಹೊರಗೆ ಹೋಯಿತು. ಮೇಷ್ಟ್ರು ಎದ್ದರು, ಕೂತರು. ತಮ್ಮನ್ನು ಉಲ್ಲೇಖಿಸಿದ ಒಂದೇ ಒಂದು ಪ್ರಬಂಧವನ್ನೂ ಅವರು ತೆರೆದು ಓದಿರಲಿಲ್ಲ. ಎಷ್ಟಾಯಿತು ಎಂದು ನೋಡುವುದು, ಮುಖ ಸಿಂಡರಿಸುವುದು, ಅಷ್ಟೇ. ಈಗ ಬೇರೆ ದಾರಿ ಇರಲಿಲ್ಲ.

ಓದುತ್ತಾ ಹೋದಂತೆ ಅವರಿಗೆ ಸ್ವಲ್ಪ ಖುಷಿಯೂ ಆಯಿತೆನ್ನಬೇಕು. ಸೇತುವೆ ಕಟ್ಟುವವರು ಲಾರಿಗಳ ಸದ್ದು ಕಳೆಯುವುದಕ್ಕೆ ಅವರ ಅಚ್ಚನ್ನು ಬಳಸಿದ್ದರು. ವಸ್ತುಸಂಗ್ರಹಾಲಯದವರು ಕಳ್ಳರನ್ನೂ ಕಾವಲುಗಾರರನ್ನೂ ಬೇರೆ ಮಾಡುವುದಕ್ಕೆ. ಯಾರೋ ಪುಣ್ಯಾತ್ಮರು ಕೋಳಿಗಳು ಯಾವಾಗ ನಿದ್ದೆ ಮಾಡುತ್ತವೆ ಎಂದು ತಿಳಿಯುವುದಕ್ಕೆ. ಮೇಷ್ಟ್ರು ನಗುತ್ತಾ ಟಿಪ್ಪಣಿ ಮಾಡಿಕೊಂಡರು. ಹಾಗೇ ಮುಂದೆ ಹೋದಾಗ ಒಂದು ಆಸ್ಪತ್ರೆಯ ಪ್ರಬಂಧ ಬಂತು. ನರರೋಗದ ಶಸ್ತ್ರವೈದ್ಯೆಯೊಬ್ಬರು ವಯಸ್ಸಾದವರ ನಡಿಗೆಯನ್ನು ನೆಲದ ಕಂಪನದಿಂದ ಅಳೆಯಬಹುದೇ ಎಂದು ನೋಡಿದ್ದರು. ಹಲವು ದಾಖಲೆಗಳ ಜೊತೆಗೆ ಮೇಷ್ಟ್ರು ಜಾಲದಲ್ಲಿ ಬಿಟ್ಟಿದ್ದನ್ನೂ ಎತ್ತಿಕೊಂಡಿದ್ದರು.

‘ಈ ಮನೆಯಲ್ಲಿ ನಡೆದಾಡುವ ವ್ಯಕ್ತಿ ಯಾರೆಂದು ನಮಗೆ ತಿಳಿಯದು’ ಎಂದು ಬರೆದಿತ್ತು. ‘ಆದರೆ ಎಡಗಾಲಿನ ಹೆಜ್ಜೆ ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿದೆ, ಎಳೆಯುವ ಸದ್ದು ಸೇರಿಕೊಂಡಿದೆ. ಹಜಾರದ ತುದಿಯಲ್ಲಿ ತಿರುಗುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿದೆ. ಇಂಥ ನಡಿಗೆಯವರು ನಮ್ಮ ಬಾಗಿಲಿಗೆ ಬಂದರೆ ನಾವು ಸುಮ್ಮನೆ ವಾಪಸು ಕಳಿಸುವುದಿಲ್ಲ.’

ಕೆಳಗೊಂದು ನಕ್ಷೆ. ಎಡಗಾಲಿನ ಗೆರೆ, ಬಲಗಾಲಿನ ಗೆರೆ. ಮೊದಲು ಒಂದರ ಮೇಲೊಂದು ಇದ್ದವು, ಆಮೇಲೆ ಮುನಿಸಿಕೊಂಡ ಅಣ್ಣತಮ್ಮಂದಿರ ಹಾಗೆ ಬೇರೆಬೇರೆ ದಾರಿ ಹಿಡಿದಿದ್ದವು.

ಇದು ಸುಳ್ಳಿರಬೇಕು ಎಂದು ಮೇಷ್ಟ್ರು ತಮ್ಮ ದಾಖಲೆಯನ್ನೇ ತೆರೆದರು. ಹೆಜ್ಜೆ ಕಳೆದ ಮೇಲೆ ಉಳಿದ ಗಲೀಜನ್ನು ಮೊದಲ ಸಲ ಗಲೀಜು ಎಂದುಕೊಳ್ಳದೆ ನೋಡಿದರು. ಅಚ್ಚು ಹೊಂದುತ್ತಿಲ್ಲ ಎಂದು ಬೈದುಕೊಳ್ಳುತ್ತಾ ಹೊಸದು ಮಾಡಿದ ಪ್ರತಿ ಸಲವೂ ಹೊಂದದೇ ಹೋದದ್ದು ಎಡಗಾಲು. ಅಚ್ಚನ್ನು ಸರಿಮಾಡಿ ಮಾಡಿ, ಕಾಲು ಕೆಡುತ್ತಿದ್ದುದನ್ನು ಅವರು ನೀಟಾಗಿ ಗುಡಿಸಿ ಹಾಕಿದ್ದರು.

ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲು ಇಳಿದಾಗ ಅವರ ಅರ್ಧ ಪುಟ ಪರದೆಯ ಮೇಲೆ ಹಾಗೇ ತೆರೆದಿತ್ತು. ಕೊನೆಯ ಸಾಲು ಕೋಳಿಗಳದ್ದು.

ಮನೆಯಲ್ಲಿ ಮಾವ ಹಜಾರದ ನಡುವೆ ಇದ್ದರು.

“ಏನು ಅಳಿಯಂದ್ರೇ, ಮಧ್ಯಾಹ್ನಕ್ಕೇ ದಯಮಾಡ್ಸಿದ್ರಿ? ಭೂಮಿ ಎಲ್ಲಾದ್ರೂ ಬಾಯಿ ಬಿಡ್ತಾ?”

“ಇಲ್ಲ ಮಾವ, ಸುಮ್ನೆ ಬಂದೆ.”

“ಸುಮ್ನೆ ಬರೋ ಆಸಾಮಿ ಅಲ್ಲ ನೀವು. ಹೆಗಲಿನ ಚೀಲಾನೂ ಇಳಿಸಿಲ್ಲ.”

“ನೀವು ನಡೀರಿ, ನಡೀರಿ. ನಾನು ನೋಡ್ತೀನಿ.”

“ನೋಡೋಕೆ ಏನಿದೆ? ಮದುಮಗಳಾ ನಾನು?” ಎನ್ನುತ್ತಲೇ ಮಾವ ಹೊರಟರು. ಮೇಷ್ಟ್ರು ಮಾವನ ಕಾಲು ನೋಡಬೇಕೆಂದಿದ್ದವರು ಗೋಡೆಯನ್ನು ನೋಡಿದರು. ಸೊಂಟದೆತ್ತರದಲ್ಲಿ, ಹಜಾರದ ಈ ತುದಿಯಿಂದ ಆ ತುದಿಯವರೆಗೆ, ಬಣ್ಣದ ಮೇಲೆ ಒಂದು ಮಾಸಲು ಗೆರೆ. ಮಾವನ ಬೆರಳುಗಳು ಅದೇ ಗೆರೆಯ ಮೇಲೆ ಸವರಿಕೊಂಡು ಹೋಗುತ್ತಿದ್ದವು. ತುದಿಯಲ್ಲಿ ನಿಂತರು. ತಿರುಗುವುದಕ್ಕೆ ಪುಟ್ಟಪುಟ್ಟ ಹೆಜ್ಜೆ ಇಟ್ಟರು, ಇಕ್ಕಟ್ಟಿನ ಓಣಿಯಲ್ಲಿ ದೊಡ್ಡ ಗಾಡಿಯನ್ನು ತಿರುಗಿಸುವ ಹಾಗೆ. ಮೈಮೇಲೆ ತಲೆಯಿಂದ ಇಳಿಬಿಡುವ ಅಂಗಿ. ಬೆರಳಿಗೆ ಗುಂಡಿ ಹಿಡಿಯದ ಹಾಗಾಗಿತ್ತೇನೋ, ಗುಂಡಿಯ ಶರಟು ಕೊನೆಗೆ ಹಾಕಿದ್ದು ಯಾವಾಗ ಎಂದು ಮೇಷ್ಟ್ರು ನೆನಪು ಮಾಡಿಕೊಳ್ಳಲು ನೋಡಿದರು, ಆಗಲಿಲ್ಲ.

“ಮಾವ, ಡಾಕ್ಟ್ರ ಹತ್ರ ಹೋಗೋಣ. ನಿಮ್ಮ ಎಡಗಾಲು ಸರಿ ಇಲ್ಲ.”

ಮಾವ ನಿಂತುಬಿಟ್ಟರು. “ಯಾರು ಹೇಳಿದ್ದು?”

ಮೇಷ್ಟ್ರಿಗೆ ಸುತ್ತಿ ಬಳಸಿ ಹೇಳುವುದು ಬಾರದು. ನೆಲಮಾಳಿಗೆಯಿಂದ ಶುರುಮಾಡಿ ಆಸ್ಪತ್ರೆಯ ಪ್ರಬಂಧದವರೆಗೆ ಎಲ್ಲವನ್ನೂ ಹೇಳಿದರು. ಮಾವ ಕೇಳುತ್ತಾ ಕೇಳುತ್ತಾ ಗೋಡೆಗೆ ಒರಗಿದರು.

“ಅಂದ್ರೆ ಕೆಳಗಿನ ಮಿಷನ್ನು ನನ್ನ ಹೆಜ್ಜೆ ಹಿಡೀತಿತ್ತು.”

“ಹೂಂ.”

“ನೀವು ಅದನ್ನ ಕಿತ್ತು ಬಿಸಾಕ್ತಿದ್ರಿ.”

“ಬಿಸಾಕೋದಲ್ಲ ಮಾವ… ಕಳೆಯೋದು. ಭೂಕಂಪ ಕಾಣಬೇಕಲ್ಲ.”

“ನಾನು ಬೀದಿಗೆಲ್ಲ ಹೇಳ್ಕೊಂಡು ಬಂದಿದೀನಲ್ರೀ! ನನ್ನ ನಡಿಗೆ ಮೇಲೆ ನಮ್ಮಳಿಯ ಪೇಪರ್ ಬರೆದಿದಾರೆ, ದೇಶದೇಶದವರು ಓದ್ತಾರೆ ಅಂತ. ಅದು ನನ್ನ ನಡಿಗೇನ ಹೆಂಗೆ ಅಳಿಸೋದು ಅನ್ನೋ ಪೇಪರಾ?”

ಮೇಷ್ಟ್ರು ಹೆಗಲಿನ ಚೀಲ ಇಳಿಸಿ ಕೆಳಗಿಟ್ಟರು. ಮಾವ ಒಂದು ಗಳಿಗೆ ಅವರನ್ನೇ ದಿಟ್ಟಿಸಿದರು. ಆಮೇಲೆ, ಯಾಕೋ, ನಕ್ಕುಬಿಟ್ಟರು.

“ಹೋಗ್ಲಿ ಬಿಡಿ. ನಾನೂ ಅದನ್ನೇ ಮಾಡ್ತಿದ್ದೆ. ಬೀದೀಲಿ ಎರಡು ಸಲ ಮುಗ್ಗರಿಸಿದೆ ಅಳಿಯಂದ್ರೇ. ಒಂದು ಸಲ ತರಕಾರಿಯವಳ ಬುಟ್ಟಿ ಮೇಲೇ ಬಿದ್ದೆ. ಅದಕ್ಕೇ ಹೊರಗೆ ಹೋಗೋದು ಬಿಟ್ಟೆ. ಇಲ್ಲಾದ್ರೆ ಗೋಡೆ ಪಕ್ಕದಲ್ಲೇ ಇರುತ್ತೆ. ನಡೆದೂ ನಡೆದೂ ಸರಿಹೋಗುತ್ತೆ ಅಂದ್ಕೊಂಡೆ.”

“ನಿಮ್ಮ ಮಗಳಿಗೆ ಹೇಳಿದ್ರಾ?”

“ಅವಳಿಗೆ ಹೇಳೋದೂ ಒಂದೇ, ರೇಡಿಯೋದಲ್ಲಿ ಹೇಳೋದೂ ಒಂದೇ.” ಮಗಳು, ಅಂದರೆ ಮೇಷ್ಟ್ರ ಹೆಂಡತಿ, ಬಾನುಲಿಯಲ್ಲಿ ಸುದ್ದಿ ಓದುವವಳು. “ನೋಡಿ, ನಾನು ಆಸ್ಪತ್ರೆಗೆ ಬರಲ್ಲ. ನಮ್ಮ ಟಪಾಲಾಫೀಸಿನ ಬೋಳಣ್ಣ ನಡ್ಕೊಂಡು ಹೋದೋನು ಮಂಚದ ಮೇಲೆ ವಾಪಸ್ ಬಂದ. ಸಾಯೋವರೆಗೂ ಸೂರು ನೋಡ್ಕೊಂಡೇ ಮಲಗಿದ್ದ. ನನ್ನ ಜೀವಮಾನವೆಲ್ಲ ಈ ಕಾಲಲ್ಲೇ ನಡೆದಿದ್ದು. ಎಳ್ಕೊಂಡೋ ತಳ್ಕೊಂಡೋ, ಇದು ಇನ್ನೂ ನನ್ನ ಮಾತು ಕೇಳುತ್ತೆ.”

“ತಡ ಮಾಡಿದ್ರೆ ಕೇಳದೇ ಹೋಗಬಹುದು ಮಾವ.”

“ಯಾವ ಡಾಕ್ಟ್ರು ಅದು? ನನ್ನ ಮುಖ ನೋಡದೇನೇ ಹೇಳಿದ್ದು?”

ಮೇಷ್ಟ್ರು ಪ್ರಬಂಧದ ಅಡಿಯಲ್ಲಿದ್ದ ನಂಬರಿಗೆ ಅಲ್ಲೇ ನಿಂತು ಫೋನು ಮಾಡಿದರು. ಪಕ್ಕದ ಊರಿನ ಆಸ್ಪತ್ರೆ. ಮೂರು ಕೈ ದಾಟಿ ಕೊನೆಗೆ ವೈದ್ಯೆ ಸಿಕ್ಕಿದರು. ಇವರು ಯಾರೆಂದು ತಿಳಿಯುತ್ತಲೇ ಆ ಕಡೆಯಿಂದ ದೊಡ್ಡ ದನಿ ಬಂತು.

“ನೆಲಮಾಳಿಗೆಯವ್ರಾ? ಅಯ್ಯೋ ಸರ್, ಆ ನಡೆಯೋರು ಯಾರು, ಹೇಗಿದಾರೆ ಅಂತ ನಮ್ಮಲ್ಲಿ ಎಷ್ಟು ಮಾತಾಡ್ಕೊಂಡಿದೀವಿ ಗೊತ್ತಾ? ಇದಾರಾ?”

“ಇದಾರೆ. ಎದುರಿಗೇ ಇದಾರೆ. ನಮ್ಮ ಮಾವ.”

“ಹಾಗಾದ್ರೆ ಫೋನು ನೆಲದ ಮೇಲಿಡಿ. ನಡೀಲಿ ಅವರು.”

ಮೇಷ್ಟ್ರು ಫೋನನ್ನು ಹಲಗೆಯ ಮೇಲೆ ಇಟ್ಟರು. ಮಾವ ಅದನ್ನೂ ಅಳಿಯನನ್ನೂ ನೋಡಿದರು, ಅಂಗಿ ಎಳೆದು ಸರಿಮಾಡಿಕೊಂಡರು, ದೊಡ್ಡ ಸಾಹೇಬರ ಮುಂದೆ ಹೋಗುವವರ ಹಾಗೆ ಎದೆ ಸೆಟೆಸಿ ನಡೆದರು. ಹೋದರು, ತಿರುಗಿದರು, ಬಂದರು.

“ಅಪ್ಪಾಜಿ,” ನೆಲದ ಮೇಲಿಂದ ದನಿ ಬಂತು, “ಗೋಡೆ ಹಿಡಿದಿದೀರಲ್ವಾ? ಬಿಟ್ಟು ನಡೀರಿ ನೋಡೋಣ.”

ಮಾವನ ಬಾಯಿ ತೆರೆದೇ ಇತ್ತು. “ಅದು ಹೆಂಗೆ ಕಾಣ್ತು ಇವರಿಗೆ?”

“ಕಾಣ್ಲಿಲ್ಲ, ಕೇಳಿಸ್ತು. ಭಾರ ಎಲ್ಲಾ ಒಂದೇ ಕಡೆಗೆ ಬೀಳ್ತಿದೆ.”

ಗೋಡೆ ಬಿಟ್ಟ ಮಾವ ನಾಲ್ಕು ಹೆಜ್ಜೆ ಹಾಕಿದರು. ಐದನೆಯದಕ್ಕೆ ಮೇಷ್ಟ್ರು ಅವರನ್ನು ತಬ್ಬಿ ಹಿಡಿದುಕೊಳ್ಳಬೇಕಾಯಿತು. ನೆಲದ ಮೇಲಿಂದ ವೈದ್ಯೆ ಅಂದರು, “ಸರ್, ಈಗಲೇ ಕರ್ಕೊಂಡು ಬನ್ನಿ. ನಾಳೆ ಅನ್ನಬೇಡಿ. ದಾರೀಲಿ ಕುತ್ತಿಗೆ ಕುಲುಕದ ಹಾಗೆ ನೋಡ್ಕೊಳ್ಳಿ.”

ಅಳಿಯನ ತೋಳಿನಲ್ಲೇ ಇದ್ದ ಮಾವ ತಗ್ಗಿದ ದನಿಯಲ್ಲಿ ಅಂದರು, “ಇವರ ಹತ್ರ ಆದ್ರೆ ಬರ್ತೀನಿ. ಈಯಮ್ಮನ ಕಿವಿ ಚೆನ್ನಾಗಿದೆ.”

ಕಾರಿನಲ್ಲಿ ಮಾವ ಮುಂದಿನ ಸೀಟಿನಲ್ಲಿ ಕೂತು, ದಿಂಬಿಗೆ ಕುತ್ತಿಗೆ ಒರಗಿಸಿಕೊಂಡು, ರೇಡಿಯೋ ಹಾಕಿದರು. ಮಗಳ ದನಿ ಬಂತು. ನೀರಿನ ಕೊಳವೆ ಒಡೆದದ್ದು, ಹೊಸ ರಸ್ತೆ, ಗಾಳಿಯ ವೇಗ. ಅಪ್ಪನ ಸುದ್ದಿ ಏನೂ ಗೊತ್ತಿಲ್ಲದೆ ಅಚ್ಚುಕಟ್ಟಾಗಿ ಓದುತ್ತಿದ್ದಳು.

“ಇದು ಮುಗಿದ ತಕ್ಷಣ ಅವಳಿಗೆ ಹೇಳ್ತೀನಿ ಮಾವ.”

“ಬೇಡಪ್ಪಾ, ಅಲ್ಲಿ ಏನಂತಾರೋ ನೋಡಿ ಹೇಳಿದ್ರಾಯ್ತು.”

“ಆಮೇಲೆ ಹೇಳಿದ್ರೆ ನನ್ನ ಗತಿ?”

“ಅದೂ ನಿಜ,” ಎಂದು ಮಾವ ಗಂಭೀರವಾಗಿ ಯೋಚಿಸಿದರು. “ಈಗ ನನಗಿಂತ ನಿಮ್ಮ ಗತೀನೇ ಕಷ್ಟದಲ್ಲಿರೋದು.”

ಹೆಂಡತಿಗೆ ಹೇಳಿಯಾಯಿತು. ಆ ಕಡೆಯಿಂದ ಬಂದದ್ದು “ಹೊರಟೆ” ಎಂಬ ಒಂದೇ ಮಾತು. ಸಂಜೆ ಐದು ದಾಟುವ ಹೊತ್ತಿಗೆ, ಸ್ಕ್ಯಾನಿನ ಕೋಣೆಯ ಹೊರಗೆ, ಮುಖ್ಯಸ್ಥೆಯ ಕರೆ ಬಂತು.

“ಪುಟ ಎಲ್ಲಿ ಮೇಷ್ಟ್ರೇ? ನಿಮ್ಮ ಪರದೆ ಮೇಲೆ ಬರೀ ಕೋಳಿ ಇದೆ!”

“ಆಗ್ಲಿಲ್ಲ ಮೇಡಂ. ಮಾವನ್ನ ಆಸ್ಪತ್ರೆಗೆ ತಂದಿದೀನಿ.”

“ಅಯ್ಯೋ ದೇವರೇ! ಏನಾಯ್ತು? ಹೋಗ್ಲಿ, ಇದ್ದಿದ್ದನ್ನೇ ಕಳಿಸ್ಲಾ?”

“ಬೇಡ. ಯಾರಿಗೆ ಒಳ್ಳೇದಾಯ್ತು ಅಂತ ಕೇಳಿದಾರಲ್ಲ, ಅದು ನನಗಿನ್ನೂ ಗೊತ್ತಿಲ್ಲ,” ಎಂದು ಮೇಷ್ಟ್ರು ಫೋನು ಇಟ್ಟರು. ಪ್ರೊಫೆಸರ್ ಗಿರಿ ಅಲ್ಲಿಗೆ ಮುಗಿಯಿತು ಎಂದು ಗೊತ್ತಿತ್ತು. ಅದಕ್ಕೆ ಬೇಜಾರು ಮಾಡಿಕೊಳ್ಳಲೂ ಮನಸ್ಸು ಒಂದು ಕಡೆ ನಿಲ್ಲಬೇಕಲ್ಲ. ಅವರು ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಅಲೆಯುತ್ತಿದ್ದರು.

ಹೆಂಡತಿ ಬಂದಳು. ಕೊರಳಲ್ಲಿ ಬಾನುಲಿ ಕೇಂದ್ರದ ಗುರುತಿನ ಚೀಟಿ ಇನ್ನೂ ತೂಗುತ್ತಿತ್ತು. ಮೂವರನ್ನೂ ವೈದ್ಯೆ ತಮ್ಮ ಕೋಣೆಗೆ ಕರೆದು, ಬೆಳಕಿನ ಪರದೆಯ ಮೇಲೆ ಮಾವನ ಕುತ್ತಿಗೆಯ ಚಿತ್ರ ತೋರಿಸಿದರು. ಮೂಳೆ ಬೆಳೆದು ಬೆನ್ನುಹುರಿಯನ್ನು ಒತ್ತುತ್ತಿತ್ತು.

“ಎರಡು ದಾರಿ ಇದೆ,” ಎಂದರು ವೈದ್ಯೆ. “ಕೆಲವರಲ್ಲಿ ಇದು ವರ್ಷಗಟ್ಟಲೆ ಇದ್ದಲ್ಲೇ ಇರುತ್ತೆ. ಅಂಥವರಿಗೆ ಈ ವಯಸ್ಸಲ್ಲಿ ಕತ್ತಿ ಹಾಕೋದಕ್ಕಿಂತ ಕಾದು ನೋಡೋದೇ ಒಳ್ಳೇದು. ಕೆಲವರಲ್ಲಿ ಓಡುತ್ತೆ. ಅಂಥವರಲ್ಲಿ ಕಾದ್ರೆ ಕಾಲು ಹೋಗುತ್ತೆ, ಹೋದ ಕಾಲು ಬರಲ್ಲ. ನಾನು ಬರೆದಿದ್ದು ಹಳೇ ದಾಖಲೆ ಇಟ್ಕೊಂಡು. ಆಮೇಲೆ ಏನಾಗಿದೆ, ಎಷ್ಟು ಬೇಗ ಆಗಿದೆ, ಅದು ನನಗೆ ಬೇಕು.”

“ಒಂದಾರು ತಿಂಗಳು ಇರಬಹುದು,” ಎಂದರು ಮಾವ.

“ಏನಪ್ಪಾ ನೀನು! ಹೋದ ತಿಂಗಳವರೆಗೂ ಚೆನ್ನಾಗೇ ಇದ್ದೆಯಲ್ಲ,” ಎಂದಳು ಮಗಳು.

ವೈದ್ಯೆ ಮೇಷ್ಟ್ರ ಕಡೆ ತಿರುಗಿದರು. ಗೊತ್ತಿದ್ದದ್ದು ಅವರೊಬ್ಬರಿಗೇ. ಹೇಳಬೇಕಾದದ್ದು ಹೆಂಡತಿಯ ಎದುರಿಗೆ.

“ಮೊದಲನೇ ಸಲ ಅಚ್ಚು ಹೊಂದದೇ ಹೋಗಿದ್ದು ಮೂರು ವರ್ಷದ ಕೆಳಗೆ. ಹೊಸದು ಮಾಡಿದೆ. ಅದು ಹತ್ತಿರಹತ್ತಿರ ಒಂದು ವರ್ಷ ಬಾಳಿಕೆ ಬಂತು. ಅದರ ಮುಂದಿನದು ಅರ್ಧ ವರ್ಷ.” ಅವರ ದನಿ ಸಣ್ಣದಾಯಿತು. “ಈಚೆಗೆ ತಿಂಗಳಿಗೊಂದು ಮಾಡ್ತಿದ್ದೆ. ಕೊನೇದು ಹತ್ತು ದಿನಕ್ಕೇ ಹಾಳಾಯ್ತು. ಪ್ರತಿ ಸಲಾನೂ ಎಡಗಾಲೇ.”

ವೈದ್ಯೆ ಪೆನ್ನು ಕೆಳಗಿಟ್ಟರು.

“ಹಾಗಾದ್ರೆ ಕಾಯೋದಿಲ್ಲ. ನಾಳೆ ಬೆಳಿಗ್ಗೇನೇ ಆಪರೇಷನ್ ಮಾಡ್ತೀನಿ. ಹೋಗಿರೋದು ವಾಪಸ್ ಬರುತ್ತೆ ಅಂತ ಮಾತು ಕೊಡಲ್ಲ. ಇರೋದನ್ನ ಉಳಿಸೋಕೆ ನೋಡ್ತೀನಿ.”

“ಉಳಿಸಿ ತಾಯಿ, ಅಷ್ಟೇ ಸಾಕು,” ಎಂದರು ಮಾವ.

ಹೊರಗೆ ಬಂದ ಮೇಲೆ ಹೆಂಡತಿ ಗಂಡನ ಕಡೆ ತಿರುಗಿದಳು. ಲಕ್ಷಾಂತರ ಜನ ಕೇಳುವ ದನಿ ಈಗ ಅವರೊಬ್ಬರಿಗೆ ಮಾತ್ರ ಕೇಳಿಸುವಷ್ಟಿತ್ತು. “ಮೂರು ವರ್ಷ ನಿಮ್ಮ ಕಣ್ಣೆದುರಿಗೇ ಇತ್ತೇನ್ರೀ?”

“ಇತ್ತು ಕಣೇ. ಅದು ಬರದ ಹಾಗೆ ಮಾಡೋದೇ ನನ್ನ ಕೆಲಸ ಅಂದ್ಕೊಂಡಿದ್ದೆ.”

“ನಾನು ದಿನಾ ಅದೇ ಹಜಾರದಲ್ಲಿ ಅಪ್ಪನ ಪಕ್ಕದಲ್ಲೇ ಹಾದು ಹೋಗ್ತಿದ್ದೆ,” ಎಂದಳು. ಗುರುತಿನ ಚೀಟಿಯ ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು.

ಅಷ್ಟರಲ್ಲಿ ಆಯಾ ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ವಾರ್ಡು ಕಾರಿಡಾರಿನ ಆ ತುದಿಗಿತ್ತು.

“ಅದು ಬೇಡಮ್ಮ,” ಎಂದರು ಮಾವ. “ಬೆಳಿಗ್ಗೆ ನೀವು ಹೇಳಿದ ಹಾಗೆ ಕೇಳ್ತೀನಿ. ಇವತ್ತು ಇದೊಂದು ನಡ್ಕೊಂಡು ಹೋಗ್ತೀನಿ.”

“ಬಿದ್ರೆ ಡಾಕ್ಟ್ರು ನನ್ನ ಚರ್ಮ ಸುಲೀತಾರೆ ಯಜಮಾನ್ರೇ!”

“ಬೀಳೋಕೆ ಇವರು ಬಿಟ್ರೆ ತಾನೇ,” ಎಂದು ಮಾವ ಎರಡೂ ಕೈ ಚಾಚಿದರು. ಒಂದನ್ನು ಮಗಳು ಹಿಡಿದಳು, ಇನ್ನೊಂದನ್ನು ಅಳಿಯ. ಸಂದರ್ಶಕರ ಹೊತ್ತು ಮುಗಿದು ಕಾರಿಡಾರು ಖಾಲಿಯಾಗಿತ್ತು. ಮಾವ ಹೊರಟರು. ಬಲಗಾಲು ನೆಲಕ್ಕೆ ಗಟ್ಟಿಯಾಗಿ ಬಿತ್ತು. ಎಡಗಾಲು ಉಜ್ಜಿಕೊಂಡು ಬಂದು, ತಡವರಿಸಿ, ಮೆತ್ತಗೆ ಕೂತಿತು. ಮತ್ತೆ ಬಲಗಾಲು.

ಮಗಳು ನಾಲ್ಕು ಹೆಜ್ಜೆಗೇ ತಲೆ ಬಗ್ಗಿಸಿ, ಆ ಸದ್ದಿಗೆ ಕಿವಿಗೊಟ್ಟು ನಿಂತಳು.

“ಕೇಳಿಸ್ತೇನೇ?” ಎಂದರು ಮಾವ.

“ಹೂಂ ಅಪ್ಪ.”

“ಹಾಗಾದ್ರೆ ನಡಿ. ನಿಲ್ಲಬೇಡ, ನಿಂತ್ರೆ ನನಗೆ ಕಷ್ಟ.”

ಮೂವರೂ ನಡೆದರು. ಗಾಲಿಕುರ್ಚಿ ಖಾಲಿಯಾಗಿ ಹಿಂದೆ ಬರುತ್ತಿತ್ತು.